ಸಿಗ್ನೇಚರ್ ಮ್ಯಾಚ್ ಆಗ್ತಿಲ್ವಾ? ಶೇರ್ಡ್ ಸೀಕ್ರೆಟ್ ಇಟ್ಕೊಂಡು ಎಪಿಐ ರಿಕ್ವೆಸ್ಟ್ ಸೈನ್ ಮಾಡೋದು, ವೆರಿಫೈ ಮಾಡೋದು

ಒಂದ್ಸಲ ಪೂರ್ತಿ ಎರಡು ದಿನ ಒಂದು ಸಿಗ್ನೇಚರ್ ಹಿಂದೆ ಬಿದ್ದಿದ್ದೆ. ಸೀಕ್ರೆಟ್ ಅದೇ, ಅಲ್ಗಾರಿದಮ್ ಅದೇ, ಬಾಡಿ ಅದೇ, ಆದ್ರೂ ಟರ್ಮಿನಲ್ಲಲ್ಲಿ ಬರೋ ಸಿಗ್ನೇಚರ್ ಒಂದು, ಕೋಡಲ್ಲಿ ಬರೋದು ಇನ್ನೊಂದು. ಲೈಬ್ರರಿ ಬದಲಾಯಿಸ್ದೆ, ಆಮೇಲೆ ಭಾಷೆನೇ ಬದಲಾಯಿಸ್ದೆ, ಡಾಕ್ಯುಮೆಂಟೇಶನ್ ಬರ್ದವರನ್ನ ಮನಸಲ್ಲೇ ಬೈಕೊಂಡೆ, ಕೊನೆಗೆ ನೋಡಿದ್ರೆ ಟರ್ಮಿನಲ್ಲಲ್ಲಿ ನಾನು ಬಳಸ್ತಿದ್ದ ಎಕೋ ಕಮಾಂಡು ಬಾಡಿ ಕೊನೆಗೆ ತಾನೇ ಒಂದು ನ್ಯೂಲೈನ್ ಸೇರಿಸ್ತಿತ್ತು. ಒಂದೇ ಒಂದು ಬೈಟು, ಕಣ್ಣಿಗೂ ಕಾಣಲ್ಲ. ಎಕೋಗೆ ಮೈನಸ್ ಎನ್ ಹಾಕಿದ ತಕ್ಷಣ ಎರಡೂ ಒಂದೇ ಆಯ್ತು.

ಹಂಗಾಗಿ ಮೊದ್ಲೇ ಹೇಳ್ಬಿಡ್ತೀನಿ, ಸೈನಿಂಗಲ್ಲಿ ಗಣಿತ ಕೈ ಕೊಡೋದು ತುಂಬ ಅಪರೂಪ. ಕೈ ಕೊಡೋದು ಬೈಟುಗಳು. ಕಳಿಸೋರು ಸೈನ್ ಮಾಡಿದ ಬೈಟುಗಳೂ ತಗೊಳ್ಳೋರು ಚೆಕ್ ಮಾಡೋ ಬೈಟುಗಳೂ ಒಂದಕ್ಕೊಂದು ಅಚ್ಚೊತ್ತಿದ ಹಂಗೆ ಇರ್ಬೇಕು, ಅರ್ಥ ಒಂದೇ ಇದ್ರೆ ಸಾಲಲ್ಲ. ಮುಂದೆ ಬರೆದಿರೋದ್ರಲ್ಲಿ ಮುಕ್ಕಾಲು ಪಾಲು ಇದೇ ಪಂಚಾಯ್ತಿ.

ಮೊದ್ಲು ಏನಿದು ಅಂತ

ಎರಡು ಕಡೆಯವರ ಹತ್ರಾನೂ ಒಂದೇ ಸೀಕ್ರೆಟ್ ಇರತ್ತೆ. ಕಳಿಸೋರು ರಿಕ್ವೆಸ್ಟನ್ನೂ ಸೀಕ್ರೆಟ್ಟನ್ನೂ ಸೇರಿಸಿ ಒಂದು ಚಿಕ್ಕ ಕೋಡ್ ಲೆಕ್ಕ ಹಾಕಿ ಹೆಡರಲ್ಲಿ ಇಡ್ತಾರೆ, ಸೀಕ್ರೆಟ್ ಮಾತ್ರ ಯಾವತ್ತೂ ವೈರ್ ಮೇಲೆ ಹೋಗಲ್ಲ. ತಗೊಳ್ಳೋರು ತಮ್ಮ ಹತ್ರ ಇರೋ ಸೀಕ್ರೆಟ್ಟಿಂದ ಅದೇ ಲೆಕ್ಕ ಮತ್ತೆ ಹಾಕ್ತಾರೆ, ಎರಡೂ ಒಂದೇ ಬಂದ್ರೆ ಒಳಗೆ ಬಿಡ್ತಾರೆ, ಇಲ್ಲಾಂದ್ರೆ 401, ಅಂದ್ರೆ ಅಧಿಕಾರ ಇಲ್ಲ ಅನ್ನೋ ಉತ್ತರ. ಇದ್ರಿಂದ ಎರಡು ವಿಷಯ ಗೊತ್ತಾಗತ್ತೆ, ಕಳಿಸಿದ್ದು ಸೀಕ್ರೆಟ್ ಗೊತ್ತಿರೋರೇ ಅಂತ, ಮತ್ತೆ ದಾರೀಲಿ ಯಾರೂ ತಿದ್ದಿಲ್ಲ ಅಂತ. ಬಾಡಿನ ಯಾರೂ ಓದಕ್ಕಾಗಲ್ಲ ಅನ್ನೋ ಗ್ಯಾರಂಟಿ ಇದ್ರಲ್ಲಿ ಇಲ್ಲ, ಅದು ಹೆಚ್‌ಟಿಟಿಪಿಎಸ್ ಒಳಗೆ ಎನ್‌ಕ್ರಿಪ್ಟ್ ಮಾಡೋ ಟಿಎಲ್‌ಎಸ್ ಕೆಲಸ, ಹಂಗಾಗಿ ಸೈನಿಂಗ್ ಇದೆ ಅಂತ ಹೆಚ್‌ಟಿಟಿಪಿಎಸ್ ಬಿಡಂಗಿಲ್ಲ.

ಈ ಲೆಕ್ಕಕ್ಕೆ ಬಳಸೋದು ಹೆಚ್‌ಮ್ಯಾಕ್. ಬೆಲ್ಲಾರೆ, ಕ್ಯಾನೆಟ್ಟಿ, ಕ್ರಾಚಿಕ್ ಅನ್ನೋ ಮೂವರು 1996ರಲ್ಲಿ ಪೇಪರ್ ಬರ್ದಿದ್ದು, 1997ರಲ್ಲಿ ಆರ್‌ಎಫ್‌ಸಿ 2104 ಅನ್ನೋ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಬಂತು. ಶಾ-256 ಅನ್ನೋ ಹ್ಯಾಶ್ (ಯಾವ ಡೇಟಾ ಕೊಟ್ರೂ ಅದಕ್ಕೊಂದು ಗೊತ್ತಾದ ಉದ್ದದ ಗುರುತು ಕೊಡೋ ಲೆಕ್ಕ) ಜೊತೆ ಬಳಸಿದ್ರೆ ಎಷ್ಟೇ ದೊಡ್ಡ ಬಾಡಿ ಕೊಟ್ರೂ ಉತ್ತರ 32 ಬೈಟು, ಹೆಕ್ಸಲ್ಲಿ ಬರೆದ್ರೆ 64 ಅಕ್ಷರ, ಬೇಸ್64ರಲ್ಲಿ ಬರೆದ್ರೆ ಕೊನೆಯ ಈಕ್ವಲ್ ಚಿಹ್ನೆ ಸೇರಿ 44. ಈ ಉದ್ದ ನೆನಪಿಟ್ಕೊಳ್ಳಿ, ಎಷ್ಟೋ ಸಲ ಹೆಡರ್ ಉದ್ದ ನೋಡಿದ್ರೇನೇ ಅವರು ಹೆಕ್ಸ್ ಕಳಿಸ್ತಿದಾರೆ ನಾವು ಬೇಸ್64 ಕಾಯ್ತಿದೀವಿ ಅಂತ ಗೊತ್ತಾಗ್ಬಿಡತ್ತೆ.

ಇಲ್ಲಿ ಒಂದು ಪ್ರಶ್ನೆ ಎಲ್ಲರಿಗೂ ಬರತ್ತೆ, ನಂಗೂ ಬಂದಿತ್ತು. ಸೀಕ್ರೆಟ್ ಹಿಂದೆ ಮೆಸೇಜ್ ಅಂಟಿಸಿ ನೇರವಾಗಿ ಶಾ-256 ಹಾಕಿದ್ರೆ ಆಗಲ್ವಾ, ಇದೆಲ್ಲ ಯಾಕೆ ಅಂತ. ಆಗಲ್ಲ. ಶಾ-256 ಮೆಸೇಜನ್ನ 64 ಬೈಟಿನ ತುಂಡುಗಳಾಗಿ ನುಂಗ್ತಾ ಹೋಗತ್ತೆ, ಕೊನೇಲಿ ಅದರ ಒಳಗಿನ ಸ್ಥಿತಿ ಏನಿರತ್ತೋ ಅದನ್ನೇ ಉತ್ತರ ಅಂತ ಕೊಡತ್ತೆ. ಅಂದ್ರೆ ಉತ್ತರ ಸಿಕ್ಕವನು ಸೀಕ್ರೆಟ್ ಗೊತ್ತಿಲ್ದೇನೇ, ಬರೀ ಅದರ ಉದ್ದ ಊಹಿಸಿ, ಅಲ್ಲಿಂದ ಮುಂದಕ್ಕೆ ಹ್ಯಾಶ್ ಮಾಡ್ತಾ ಹೋಗ್ಬಹುದು, ನಿಮ್ಮ ಮೆಸೇಜಿಗೆ ತನ್ನ ಬಾಲ ಅಂಟಿಸಿ ಸರಿಯಾದ ಸಿಗ್ನೇಚರೇ ಕಳಿಸ್ಬಹುದು. ಲೆಂಗ್ತ್ ಎಕ್ಸ್‌ಟೆನ್ಶನ್ ಅಂತಾರೆ ಇದಕ್ಕೆ. 2009ರಲ್ಲಿ ಥಾಯ್ ಡುಆಂಗ್, ಜುಲಿಯಾನೋ ರಿಝೋ ಅನ್ನೋ ಇಬ್ಬರು ಫ್ಲಿಕರ್ ಎಪಿಐ ಮೇಲೆ ಇದನ್ನ ಮಾಡೇ ತೋರಿಸಿದ್ರು, ಅಲ್ಲಿ ಇದ್ದಿದ್ದು ಸೀಕ್ರೆಟ್ ಮುಂದಿಟ್ಟು ಎಂಡಿ5 ಹಾಕೋ ಪದ್ಧತಿ. ಹೆಚ್‌ಮ್ಯಾಕ್ ಏನ್ ಮಾಡತ್ತೆ ಅಂದ್ರೆ ಕೀನ, ಅಂದ್ರೆ ನಮ್ಮ ಸೀಕ್ರೆಟ್ಟನ್ನ, 64 ಬೈಟಿಗೆ ಸೊನ್ನೆ ತುಂಬಿಸಿ, ಹೆಕ್ಸ್ 36 ಜೊತೆ ಎಕ್ಸಾರ್ ಮಾಡಿ, ಮೆಸೇಜ್ ಸೇರಿಸಿ ಒಂದ್ಸಲ ಹ್ಯಾಶ್ ಮಾಡತ್ತೆ, ಆಮೇಲೆ ಅದೇ ಕೀನ ಹೆಕ್ಸ್ 5ಸಿ ಜೊತೆ ಎಕ್ಸಾರ್ ಮಾಡಿ ಮೊದಲ ಉತ್ತರವನ್ನ ಅದರ ಹಿಂದಿಟ್ಟು ಇನ್ನೊಂದ್ಸಲ ಹ್ಯಾಶ್ ಮಾಡತ್ತೆ. ಹೊರಗಿನ ಆ ಎರಡನೇ ಹ್ಯಾಶು ಒಳಗಿನ ಸ್ಥಿತಿನ ಮುಚ್ಚಿಡತ್ತೆ, ಬಾಲ ಅಂಟಿಸೋಕೆ ಜಾಗನೇ ಇಲ್ಲ. ನೀವು ಇದನ್ನ ಬರೆಯೋ ಅಗತ್ಯ ಇಲ್ಲ, ಬರೀಲೂ ಬೇಡಿ, ಎಲ್ಲ ಭಾಷೆಯಲ್ಲೂ ರೆಡಿ ಇದೆ.

ಸೀಕ್ರೆಟ್ ಎಲ್ಲಿಂದ ತರೋದು

ಪಾಸ್‌ವರ್ಡ್ ತರ ಯೋಚ್ನೆ ಮಾಡಿ ಬರ್ಯೋದಲ್ಲ. ಆಪರೇಟಿಂಗ್ ಸಿಸ್ಟಮ್ ಕೊಡೋ ರ‍್ಯಾಂಡಮ್ ಇಂದ 32 ಬೈಟು ತಗೊಳ್ಳಿ, ಓಪನ್‌ಎಸ್‌ಎಸ್‌ಎಲ್ ಇದ್ರೆ ಅದರ ರ‍್ಯಾಂಡ್ ಕಮಾಂಡಿಗೆ ಹೆಕ್ಸ್ 32 ಅಂತ ಹೇಳಿದ್ರೆ 64 ಅಕ್ಷರದ ಸಾಲು ಬರತ್ತೆ, ಮುಗೀತು. 64 ಬೈಟಿಗಿಂತ ಉದ್ದದ ಕೀ ಕೊಟ್ರೆ ಹೆಚ್‌ಮ್ಯಾಕ್ ಅದನ್ನ ಮೊದ್ಲು ಹ್ಯಾಶ್ ಮಾಡಿ 32ಕ್ಕೇ ಇಳಿಸ್ಕೊಳ್ಳತ್ತೆ, ಆದ್ರಿಂದ ಉದ್ದ ಮಾಡಿ ಪ್ರಯೋಜನ ಇಲ್ಲ.

ಇಲ್ಲೇ ಮೊದಲ ಎಡವಟ್ಟು ಕಾದಿರತ್ತೆ. ಆ 64 ಹೆಕ್ಸ್ ಅಕ್ಷರ ಇದ್ಯಲ್ಲ, ಅದನ್ನ ಡಿಕೋಡ್ ಮಾಡಿ 32 ಬೈಟಿನ ಕೀ ಮಾಡ್ಕೋಬೇಕಾ, ಇಲ್ಲ ಆ 64 ಅಕ್ಷರನೇ ಕೀನಾ? ಎರಡೂ ನಡಿಯತ್ತೆ, ಎರಡಕ್ಕೂ ಬೇರೆ ಬೇರೆ ಸಿಗ್ನೇಚರ್ ಬರತ್ತೆ, ಎರಡರಲ್ಲೂ ಎರರ್ ಬರಲ್ಲ. ಆ ಕೊನೆಯದೇ ಗೋಳು ನೋಡಿ, ಹೆಚ್‌ಮ್ಯಾಕಿಗೆ ತಪ್ಪು ಕೀ ಅಂತ ಒಂದು ಇಲ್ವೇ ಇಲ್ಲ, ಏನ್ ಕೊಟ್ರೂ ನುಂಗಿ ಒಂದು ಉತ್ತರ ಕೊಡತ್ತೆ. ಅಝೂರ್ ಸ್ಟೋರೇಜಲ್ಲಿ ಕೀನ ಬೇಸ್64ರಿಂದ ಡಿಕೋಡ್ ಮಾಡ್ಕೊಂಡೇ ಬಳಸ್ಬೇಕು, ಬೇರೆ ಎಷ್ಟೋ ಕಡೆ ಕೊಟ್ಟ ಸ್ಟ್ರಿಂಗೇ ಕೀ. ನೀವು ಎಪಿಐ ಬರೆಯೋರಾದ್ರೆ ಯಾವುದು ಅಂತ ಡಾಕ್ಯುಮೆಂಟಲ್ಲಿ ಒಂದು ಸಾಲು ಬರೆದು ಪುಣ್ಯ ಕಟ್ಕೊಳ್ಳಿ.

ಖಾಲಿ ಕೀನೂ ನುಂಗತ್ತೆ ಅನ್ನೋದು ಇದಕ್ಕಿಂತ ಭಯಂಕರ. ಡಿಪ್ಲಾಯ್ ಮಾಡುವಾಗ ಎನ್ವಿರಾನ್ಮೆಂಟ್ ವೇರಿಯಬಲ್ ಸೆಟ್ ಆಗಿಲ್ಲ, ಕೋಡು ಸುಮ್ನೆ ಖಾಲಿ ಸ್ಟ್ರಿಂಗ್ ತಗೊಂಡ್ತು ಅಂದ್ರೆ ಜಗತ್ತಲ್ಲಿ ಯಾರ್ ಬೇಕಾದ್ರೂ ಖಾಲಿ ಕೀಯಿಂದ ಸೈನ್ ಮಾಡಿ ಒಳಗೆ ಬರ್ಬಹುದು. ಸರ್ವರ್ ಶುರುವಾಗೋವಾಗ್ಲೇ ಸೀಕ್ರೆಟ್ ಉದ್ದ ನೋಡಿ, 32 ಬೈಟಿಗಿಂತ ಕಮ್ಮಿ ಇದ್ರೆ ಏಳಲ್ಲ ಅಂತ ಕೂತ್ಕೊಳ್ಳೋ ಹಂಗೆ ಬರೀರಿ.

ಇನ್ನೊಂದು, ಪಾಸ್‌ವರ್ಡನ್ನ ಹ್ಯಾಶ್ ಮಾಡಿ ಡೇಟಾಬೇಸಲ್ಲಿ ಇಡೋ ಹಂಗೆ ಇದನ್ನ ಇಡಕ್ಕಾಗಲ್ಲ, ಲೆಕ್ಕ ಹಾಕೋಕೆ ಮೂಲ ಸೀಕ್ರೆಟ್ಟೇ ಬೇಕು. ಹಂಗಾಗಿ ಎನ್‌ಕ್ರಿಪ್ಟ್ ಮಾಡಿ ಇಡಿ, ಅಥವಾ ಸೀಕ್ರೆಟ್ ಮ್ಯಾನೇಜರಲ್ಲಿ ಇಡಿ, ಗಿಟ್ಟಿಗೆ ಮಾತ್ರ ಕಮಿಟ್ ಮಾಡ್ಬೇಡಿ. ಮೊಬೈಲ್ ಆ್ಯಪ್ ಒಳಗೋ ಬ್ರೌಸರಿಗೆ ಹೋಗೋ ಜಾವಾಸ್ಕ್ರಿಪ್ಟ್ ಒಳಗೋ ಇಟ್ರೆ ಅದು ಸೀಕ್ರೆಟ್ಟೇ ಅಲ್ಲ, ಆ್ಯಪ್ ಬಿಚ್ಚಿ ನೋಡಿದವರಿಗೆಲ್ಲ ಸಿಗತ್ತೆ. ಇದು ಸರ್ವರಿಂದ ಸರ್ವರಿಗೆ ಮಾತ್ರ.

ಏನನ್ನ ಸೈನ್ ಮಾಡೋದು

ನಿಜವಾದ ಕೆಲಸ ಇರೋದು ಇಲ್ಲೇ. ಬರೀ ಬಾಡಿ ಸೈನ್ ಮಾಡಿದ್ರೆ ಏನಾಗತ್ತೆ? ಒಂದು ಆರ್ಡರ್ ಕ್ರಿಯೇಟ್ ಮಾಡೋ ರಿಕ್ವೆಸ್ಟನ್ನ ಹಿಡಿದವನು ಅದೇ ಬಾಡಿ ಅದೇ ಸಿಗ್ನೇಚರ್ ಇಟ್ಕೊಂಡು ಕ್ಯಾನ್ಸಲ್ ಮಾಡೋ ಯುಆರ್‌ಎಲ್ಲಿಗೆ ಹೊಡೀಬಹುದು, ಪೋಸ್ಟ್ ಮೆಥಡ್ ಇದ್ದಿದ್ದನ್ನ ಡಿಲೀಟ್ ಮೆಥಡ್ ಮಾಡಿ ಹೊಡೀಬಹುದು, ಸಿಗ್ನೇಚರ್ ಪಾಸಾಗತ್ತೆ. ಆದ್ರಿಂದ ಮೆಥಡ್, ಪಾತ್, ಕ್ವೆರಿ, ಟೈಮ್, ನಾನ್ಸ್ (ಹಿಡಿದಿಟ್ಟ ರಿಕ್ವೆಸ್ಟನ್ನೇ ಯಾರೂ ಮತ್ತೆ ಕಳಿಸ್ಬಾರ್ದು ಅಂತ ಪ್ರತಿ ರಿಕ್ವೆಸ್ಟಿಗೂ ಹೊಸದಾಗಿ ಹಾಕೋ, ಒಂದೇ ಸಲ ಬಳಸೋ ರ‍್ಯಾಂಡಮ್ ಸಂಖ್ಯೆ), ಬಾಡಿ, ಎಲ್ಲವನ್ನೂ ಸೇರಿಸಿ ಒಂದು ಸ್ಟ್ರಿಂಗ್ ಕಟ್ಟಿ ಅದಕ್ಕೆ ಸೈನ್ ಹಾಕ್ಬೇಕು. ನಾನು ಕಟ್ಟೋದು ಹೀಗೆ, ಒಂದೊಂದು ವಿಷಯಕ್ಕೆ ಒಂದೊಂದು ಸಾಲು, ಇಲ್ಲಿ ಕನ್ನಡದಲ್ಲಿ ಬರೆದಿದೀನಿ, ಕೋಡಲ್ಲಿ ಇಂಗ್ಲಿಷ್ ಅಕ್ಷರನೇ ಇರತ್ತೆ:

ವಿ1
ಪೋಸ್ಟ್
/ಆರ್ಡರ್ಸ್
ಡ್ರೈರನ್=0&ಸೋರ್ಸ್=ವೆಬ್
1700000000
ನಾನ್ಸ್, 32 ಹೆಕ್ಸ್ ಅಕ್ಷರ
ಬಾಡಿಯ ಶಾ-256, 64 ಹೆಕ್ಸ್ ಅಕ್ಷರ

ಮೊದಲ ಸಾಲು ಸ್ಕೀಮಿನ ವರ್ಶನ್, ನಾಳೆ ಪದ್ಧತಿ ಬದಲಾಯಿಸ್ಬೇಕಾದ್ರೆ ಹಳೇದೂ ಹೊಸದೂ ಕಲಸಿ ಹೋಗ್ಬಾರ್ದು ಅಂತ. 1700000000 ಅನ್ನೋದು ಯುನಿಕ್ಸ್ ಟೈಮ್ (1970ರ ಜನವರಿ 1ರಿಂದ ಎಣಿಸಿದ ಸೆಕೆಂಡು), 2023ರ ನವೆಂಬರ್ 14, ಯುಟಿಸಿ ಪ್ರಕಾರ ರಾತ್ರಿ 10 ಗಂಟೆ 13 ನಿಮಿಷ 20 ಸೆಕೆಂಡು. ಸೆಕೆಂಡಲ್ಲಿ ಬರೆದ್ರೆ 10 ಅಂಕಿ, ಜಾವಾಸ್ಕ್ರಿಪ್ಟಿನ ಡೇಟ್ ನೌ ಕೊಡೋದು ಮಿಲಿಸೆಕೆಂಡು, ಅದು 13 ಅಂಕಿ. 13 ಅಂಕಿ ಬಂದ ರಿಕ್ವೆಸ್ಟನ್ನ ಸರ್ವರ್ ಹತ್ತಾರು ಸಾವಿರ ವರ್ಷ ಆಚೆಯಿಂದ ಬಂದಿದ್ದು ಅನ್ಕೊಂಡು ಒದ್ದು ಓಡ್ಸತ್ತೆ.

ಸಾಲುಗಳ ಮಧ್ಯ ನ್ಯೂಲೈನ್ ಯಾಕೆ ಹಾಕಿದೀನಿ, ಸುಮ್ನೆ ಒಂದಕ್ಕೊಂದು ಅಂಟಿಸಿದ್ರೆ ಏನು? ಅಮೆಝಾನ್ ವೆಬ್ ಸರ್ವೀಸಸ್‌ನ ಸಿಗ್ನೇಚರ್ ವರ್ಶನ್ 1ರಲ್ಲಿ ಹಂಗೇ ಇತ್ತು, ಪ್ಯಾರಾಮೀಟರುಗಳನ್ನ ಸಾರ್ಟ್ ಮಾಡಿ ಹೆಸರು ವ್ಯಾಲ್ಯೂ ಹೆಸರು ವ್ಯಾಲ್ಯೂ ಅಂತ ಮಧ್ಯ ಏನೂ ಇಡದೆ ಅಂಟಿಸ್ತಿದ್ರು. ಫೂ ಈಕ್ವಲ್ ಬಾರ್ ಅಂದ್ರೂ ಅದೇ ಸ್ಟ್ರಿಂಗು, ಈಕ್ವಲ್ ಚಿಹ್ನೆನ ಒಂದು ಅಕ್ಷರ ಆಚೆ ತಳ್ಳಿದ್ರೂ ಅದೇ ಸ್ಟ್ರಿಂಗು. ಅಂದ್ರೆ ಬೇರೆ ಬೇರೆ ರಿಕ್ವೆಸ್ಟಿಗೆ ಒಂದೇ ಸಿಗ್ನೇಚರು, ಸೀಕ್ರೆಟ್ ಕದಿಯೋದೇ ಬೇಡ. 2008ರ ಡಿಸೆಂಬರಲ್ಲಿ ಕಾಲಿನ್ ಪರ್ಸಿವಲ್ ಇದನ್ನ ಬಯಲಿಗಿಟ್ರು. ನೋಡಿ, ಹೆಚ್‌ಮ್ಯಾಕಲ್ಲಿ ಏನೂ ತಪ್ಪಿರ್ಲಿಲ್ಲ, ಅದಕ್ಕೆ ಕೊಡೋ ಸ್ಟ್ರಿಂಗ್ ಕಟ್ಟಿದ ರೀತಿ ತಪ್ಪಿತ್ತು. ಸ್ಲ್ಯಾಕ್ ತನ್ನ ರಿಕ್ವೆಸ್ಟುಗಳಿಗೆ ವಿ0, ಟೈಮ್, ಬಾಡಿ ಮೂರನ್ನ ಕೋಲನ್ ಹಾಕಿ ಸೇರಿಸತ್ತೆ, ಸ್ಟ್ರೈಪ್ ಟೈಮನ್ನೂ ಬಾಡಿನೂ ಒಂದು ಚುಕ್ಕಿ ಹಾಕಿ ಸೇರಿಸತ್ತೆ. ಯಾವ ಚಿಹ್ನೆ ಅನ್ನೋದಕ್ಕಿಂತ ಮುಖ್ಯ, ಆ ಚಿಹ್ನೆ ಅದರ ಹಿಂದಿನ ಭಾಗದ ಒಳಗೆ ಬರೋ ಚಾನ್ಸೇ ಇರಬಾರ್ದು.

ಕ್ವೆರಿ ಸ್ಟ್ರಿಂಗ್ ವಿಷಯಕ್ಕೆ ಬಂದ್ರೆ, ಮಧ್ಯ ಇರೋ ಪ್ರಾಕ್ಸಿ ಏನೂ ತಿದ್ದಲ್ಲ ಅಂತ ಖಾತ್ರಿ ಇದ್ರೆ ವೈರ್ ಮೇಲೆ ಹೋದ ಹಂಗೇ ಹಸಿಹಸಿಯಾಗಿ ಸೈನ್ ಮಾಡಿ, ಅದೇ ಸಲೀಸು. ಖಾತ್ರಿ ಇಲ್ಲಾಂದ್ರೆ ಸಾರ್ಟ್ ಮಾಡಿ ಎನ್‌ಕೋಡ್ ಮಾಡಿ ಒಂದು ರೂಪಕ್ಕೆ ತರ್ಬೇಕು, ಅಲ್ಲಿ ಒಂದೊಂದು ಭಾಷೆದು ಒಂದೊಂದು ರಾಗ. ಸ್ಪೇಸನ್ನ ಒಬ್ಬರು ಪರ್ಸೆಂಟ್ 20 ಮಾಡ್ತಾರೆ, ಜಾವಾದ ಯುಆರ್‌ಎಲ್ ಎನ್‌ಕೋಡರ್ ಪ್ಲಸ್ ಮಾಡತ್ತೆ. ಜಾವಾಸ್ಕ್ರಿಪ್ಟಿನ ಎನ್‌ಕೋಡ್ ಯುಆರ್‌ಐ ಕಾಂಪೊನೆಂಟು ಆಶ್ಚರ್ಯಸೂಚಕ, ನಕ್ಷತ್ರ, ಆವರಣ, ಸಿಂಗಲ್ ಕೋಟು ಇವನ್ನ ಮುಟ್ಟೋದೇ ಇಲ್ಲ. ಆರ್‌ಎಫ್‌ಸಿ 3986 ಪ್ರಕಾರ ಅಕ್ಷರ, ಅಂಕಿ, ಹೈಫನ್, ಚುಕ್ಕಿ, ಅಂಡರ್‌ಸ್ಕೋರ್, ಟಿಲ್ಡೆ ಬಿಟ್ಟು ಮಿಕ್ಕಿದ್ದೆಲ್ಲ ಎನ್‌ಕೋಡ್, ಹೆಕ್ಸ್ ಅಕ್ಷರ ದೊಡ್ಡದು, ಇಷ್ಟು ನಿಯಮ ಇಟ್ಕೊಂಡ್ರೆ ಜಗಳ ಕಮ್ಮಿ.

ಬಾಡಿ ಅನ್ನೋ ದೊಡ್ಡ ಗುಂಡಿ

ನಾನು ನೋಡಿದ ಸಿಗ್ನೇಚರ್ ತಕರಾರುಗಳಲ್ಲಿ ಹೆಚ್ಚಿನವು ಇಲ್ಲೇ ಬಿದ್ದಿರ್ತವೆ. ಕಾರಣ ಒಂದೇ, ಸರ್ವರ್ ಕಡೆ ಬಾಡಿನ ಜೇಸನ್ ಆಗಿ ಪಾರ್ಸ್ ಮಾಡಿ, ಆ ಆಬ್ಜೆಕ್ಟನ್ನ ಮತ್ತೆ ಜೇಸನ್ ಸ್ಟ್ರಿಂಗ್ ಮಾಡಿ, ಅದಕ್ಕೆ ಸೈನ್ ಹಾಕಿ ಹೋಲಿಸ್ತಾರೆ. ಮಾಡ್ಬೇಡಿ. ಪೈಥಾನಿನ ಜೇಸನ್ ಡಂಪ್ಸ್ ತಾನಾಗೇ ಕಾಮಾ ಆದ್ಮೇಲೆ, ಕೋಲನ್ ಆದ್ಮೇಲೆ ಒಂದೊಂದು ಸ್ಪೇಸ್ ಹಾಕತ್ತೆ, ಜಾವಾಸ್ಕ್ರಿಪ್ಟಿನ ಸ್ಟ್ರಿಂಗಿಫೈ ಹಾಕಲ್ಲ. 1.0 ಅನ್ನೋದನ್ನ ಪೈಥಾನ್ 1.0 ಅಂತಾನೇ ಬರೆದ್ರೆ ಜಾವಾಸ್ಕ್ರಿಪ್ಟ್ ಬರೀ 1 ಬರೆಯತ್ತೆ. ಪಿಹೆಚ್‌ಪಿ ಸ್ಲ್ಯಾಶ್ ಮುಂಚೆ ಒಂದು ಬ್ಯಾಕ್‌ಸ್ಲ್ಯಾಶ್ ಇಟ್ಬಿಡತ್ತೆ.

ಕನ್ನಡ ಹಾಕಿ ನೋಡಿದ್ರೆ ಇನ್ನೂ ಚೆನ್ನಾಗಿ ಕಾಣತ್ತೆ. ಬಾಡಿ ಒಳಗೆ ಕನ್ನಡ ಅನ್ನೋ ಪದ ಇದೆ ಅನ್ಕೊಳ್ಳಿ. ಕ, ನ, ಹಲಂತದ ಚಿಹ್ನೆ, ನ, ಡ, ಒಟ್ಟು 5 ಕೋಡ್ ಪಾಯಿಂಟು, ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟು, 15 ಆಯ್ತು. ಜಾವಾಸ್ಕ್ರಿಪ್ಟಿಂದ ಹಂಗೇ ಹೋಗತ್ತೆ. ಪೈಥಾನ್ ಡೀಫಾಲ್ಟಾಗಿ ಅದನ್ನ ಬ್ಯಾಕ್‌ಸ್ಲ್ಯಾಶ್ ಯು ಹಾಕಿ ಎಸ್ಕೇಪ್ ಮಾಡತ್ತೆ, ಒಂದೊಂದಕ್ಕೆ 6 ಬೈಟು, ಒಟ್ಟು 30. ಓದೋರಿಗೆ ಎರಡೂ ಒಂದೇ ಪದ, ಹೆಚ್‌ಮ್ಯಾಕಿಗೆ ಸಂಬಂಧನೇ ಇಲ್ದಿರೋ ಎರಡು ವಸ್ತು. ಇದಕ್ಕಿಂತ ಮಜಾ ಇರೋದು ಕೊ ಅಕ್ಷರದಲ್ಲಿ, ಅದನ್ನ ಕ ಜೊತೆ ಒ ಸ್ವರಚಿಹ್ನೆ ಅಂತ 2 ಕೋಡ್ ಪಾಯಿಂಟಲ್ಲೂ ಬರೀಬಹುದು, ಕ ಜೊತೆ ಎ ಚಿಹ್ನೆ ಊ ಚಿಹ್ನೆ ಅಂತ 3ರಲ್ಲೂ ಬರೀಬಹುದು, ಯುನಿಕೋಡ್ ಪ್ರಕಾರ ಎರಡೂ ಸಮ, ಸ್ಕ್ರೀನ್ ಮೇಲೂ ಒಂದೇ ತರ ಕಾಣತ್ತೆ, ಬೈಟು ಮಾತ್ರ ಒಂದ್ರಲ್ಲಿ 6, ಇನ್ನೊಂದ್ರಲ್ಲಿ 9. ಮಧ್ಯ ಇರೋ ಯಾವ್ದೋ ಕೋಡು ಒಳ್ಳೇದು ಮಾಡ್ತೀನಿ ಅಂತ ಯುನಿಕೋಡ್ ನಾರ್ಮಲೈಸ್ ಮಾಡಿದ್ರೆ ಸಿಗ್ನೇಚರ್ ಹೋಯ್ತು. ಇಂಗ್ಲಿಷ್ ಹೆಸರಿನ ಗ್ರಾಹಕರ ರಿಕ್ವೆಸ್ಟೆಲ್ಲ ಪಾಸು, ಕನ್ನಡದಲ್ಲಿ ಹೆಸರು ಬರೆದವರದ್ದು ಮಾತ್ರ ಫೇಲು ಅಂತ ಟಿಕೆಟ್ ಬಂದ್ರೆ ಕಣ್ಣು ಮುಚ್ಕೊಂಡು ಇಲ್ಲಿಗೆ ಬನ್ನಿ.

ಆದ್ರಿಂದ ನಿಯಮ ಇಷ್ಟೇ. ಕಳಿಸೋರು ಬಾಡಿನ ಒಂದೇ ಸಲ ಬೈಟುಗಳಾಗಿ ಮಾಡ್ಕೊಂಡು, ಅದೇ ಬೈಟುಗಳನ್ನ ಸೈನ್ ಮಾಡಿ ಅದೇ ಬೈಟುಗಳನ್ನ ಕಳಿಸ್ಬೇಕು, ಹೆಚ್‌ಟಿಟಿಪಿ ಲೈಬ್ರರಿಗೆ ಆಬ್ಜೆಕ್ಟ್ ಕೊಟ್ಟು ನೀನೇ ಜೇಸನ್ ಮಾಡ್ಕೋ ಅನ್ನಬಾರ್ದು. ತಗೊಳ್ಳೋರು ಪಾರ್ಸ್ ಮಾಡೋಕೆ ಮುಂಚೆನೇ ಹಸಿ ಬೈಟುಗಳನ್ನ ಎತ್ತಿಟ್ಕೋಬೇಕು. ಫ್ಲಾಸ್ಕಲ್ಲಿ ರಿಕ್ವೆಸ್ಟಿನ ಗೆಟ್ ಡೇಟಾ, ಜಾಂಗೋದಲ್ಲಿ ರಿಕ್ವೆಸ್ಟ್ ಬಾಡಿ, ಎಕ್ಸ್‌ಪ್ರೆಸ್ಸಲ್ಲಾದ್ರೆ ಜೇಸನ್ ಮಿಡ್ಲ್‌ವೇರಿನ ವೆರಿಫೈ ಅನ್ನೋ ಆಪ್ಶನಲ್ಲಿ ಬಫರ್ ಸಿಗತ್ತೆ, ಅದನ್ನ ರಿಕ್ವೆಸ್ಟ್ ಮೇಲೇ ಇಟ್ಕೊಳ್ಳಿ. ಗೋ ಭಾಷೆಲಿ ಬಾಡಿ ಒಂದ್ಸಲ ಓದಿದ್ರೆ ಖಾಲಿ, ಓದಿದ್ಮೇಲೆ ವಾಪಸ್ ತುಂಬಿಸಿ ಇಡ್ಬೇಕು.

ಒಂದು ಸಣ್ಣ ಟ್ರಿಕ್ಕು ಹೇಳ್ತೀನಿ. ಖಾಲಿ ಬಾಡಿಗೂ ಶಾ-256 ಇರತ್ತೆ, ಅದು ಯಾವಾಗ್ಲೂ ಇ3ಬಿ0ಸಿ442 ಅಂತ ಶುರುವಾಗತ್ತೆ. ಪೋಸ್ಟ್ ರಿಕ್ವೆಸ್ಟಿನ ಲಾಗಲ್ಲಿ ಈ ಹ್ಯಾಶ್ ಕಂಡ್ರೆ ನಿಮಗಿಂತ ಮುಂಚೆ ಯಾವ್ದೋ ಮಿಡ್ಲ್‌ವೇರ್ ಬಾಡಿ ಓದಿ ಖಾಲಿ ಮಾಡಿದೆ ಅಂತಾನೇ ಲೆಕ್ಕ. ನಂಗೆ ಇದು ಈಗ ಫೋನ್ ನಂಬರ್ ತರ ಬಾಯಿಪಾಠ ಆಗೋಗಿದೆ.

ಹೆಡರಲ್ಲಿ ಏನೇನು ಹೋಗ್ಬೇಕು

ನಾಲ್ಕು ಸಾಕು: ಕೀ ಐಡಿ, ಟೈಮು, ನಾನ್ಸು, ಸಿಗ್ನೇಚರು. ಕೀ ಐಡಿ ಗುಟ್ಟೇನಲ್ಲ, ಯಾವ ಸೀಕ್ರೆಟ್ ತೆಗೀಬೇಕು ಅಂತ ಸರ್ವರಿಗೆ ಹೇಳೋ ಚೀಟಿ ಅಷ್ಟೇ. ಅಲ್ಗಾರಿದಮ್ ಹೆಸರನ್ನ ಹೆಡರಲ್ಲಿ ಕಳಿಸಿದ್ರೂ ಅದನ್ನ ನಂಬಿ ಲೆಕ್ಕ ಹಾಕ್ಬೇಡಿ, ಅದು ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಂಗೆ, ಜೆಡಬ್ಲ್ಯೂಟಿ (ಸೈನ್ ಮಾಡಿದ ಟೋಕನ್) ಲೈಬ್ರರಿಗಳು ಅಲ್ಗಾರಿದಮ್ ನನ್ (ಯಾವುದೂ ಇಲ್ಲ) ಅಂತ ಬಂದ ಟೋಕನ್ನನ್ನ ಸೈನ್ ಇಲ್ದೇನೇ ಒಪ್ಕೊಂಡು ಅನುಭವಿಸಿದ್ದು ಇದೇ ಕಾರಣಕ್ಕೆ. ಯಾವ ಕೀಗೆ ಯಾವ ಅಲ್ಗಾರಿದಮ್ ಅಂತ ಸರ್ವರೇ ಬರ್ಕೊಂಡಿರ್ಲಿ.

ಗಿಟ್‌ಹಬ್ ವೆಬ್‌ಹುಕ್ಕಿನ (ಏನಾದ್ರೂ ಆದಾಗ ಅವರೇ ನಮ್ಮ ಸರ್ವರಿಗೆ ಕಳಿಸೋ ರಿಕ್ವೆಸ್ಟಿನ) ಸಿಗ್ನೇಚರ್ ಮುಂದೆ ಶಾ256 ಈಕ್ವಲ್ ಅಂತ ಒಂದು ಪ್ರಿಫಿಕ್ಸ್ ಇರತ್ತೆ, ಅದನ್ನ ತೆಗೀದೇ ಬರೀ ಹೆಕ್ಸಿಗೆ ಹೋಲಿಸಿ ಮ್ಯಾಚ್ ಆಗ್ಲಿಲ್ಲ ಅಂತ ಒದ್ದಾಡೋರು ಬಹಳ ಜನ.

ವೆರಿಫೈ ಮಾಡೋ ಕಡೆ

ಇಲ್ಲಿ ಯಾವುದು ಮೊದ್ಲು ಯಾವುದು ಆಮೇಲೆ ಅನ್ನೋದು ಮುಖ್ಯ. ಮೊದ್ಲು ಬಾಡಿ ಸೈಝಿಗೆ ಒಂದು ಮಿತಿ, ಇಲ್ಲಾಂದ್ರೆ ಯಾರೋ 2 ಜಿಬಿ ಕಳಿಸಿ ನಿಮ್ಮ ಕೈಲಿ ಹ್ಯಾಶ್ ಮಾಡಿಸ್ತಾರೆ. ಆಮೇಲೆ ಟೈಮ್, ನಮ್ಮ ಗಡಿಯಾರಕ್ಕಿಂತ 5 ನಿಮಿಷ ಹಿಂದೆ ಮುಂದೆ ಇದ್ರೆ ಸರಿ, ಅದಕ್ಕೂ ಆಚೆ ಇದ್ರೆ ವಾಪಸ್. ಸ್ಟ್ರೈಪ್ ಲೈಬ್ರರಿಗಳ ಡೀಫಾಲ್ಟು, ಸ್ಲ್ಯಾಕಿನ ಸಲಹೆ ಎರಡೂ 5 ನಿಮಿಷನೇ. ಎರಡು ಕಡೆ ಸರ್ವರಲ್ಲೂ ಗಡಿಯಾರ ಸರಿಹೊಂದಿಸೋ ಎನ್‌ಟಿಪಿ ಓಡ್ತಿರ್ಬೇಕು, ಗಡಿಯಾರ ಜಾರಿದ ವರ್ಚುವಲ್ ಮಷಿನ್ನು ಎಲ್ಲ ಸರಿ ಇದ್ರೂ 401 ತಿನ್ನಿಸತ್ತೆ. ಆಮೇಲೆ ಕೀ ಐಡಿಯಿಂದ ಸೀಕ್ರೆಟ್ ತೆಗೆದು, ಅದೇ ಏಳು ಸಾಲು ಕಟ್ಟಿ, ಹೆಚ್‌ಮ್ಯಾಕ್ ಹಾಕಿ ಹೋಲಿಸಿ. ಪಾಸಾದ್ಮೇಲೆ ಮಾತ್ರ ನಾನ್ಸ್ ನೋಡಿ, ಅದೂ ಪಾಸಾದ್ರೆ ಜೇಸನ್ ಪಾರ್ಸ್.

ನಾನ್ಸನ್ನ ಸಿಗ್ನೇಚರ್ ಆದ್ಮೇಲೆ ಯಾಕೆ ಅಂದ್ರೆ, ಮುಂಚೆನೇ ಬರ್ಕೊಂಡ್ರೆ ಯಾರ್ ಬೇಕಾದ್ರೂ ಕಸ ನಾನ್ಸ್ ಕಳಿಸಿ ನಿಮ್ಮ ಸ್ಟೋರ್ ತುಂಬಿಸ್ತಾರೆ. ರೆಡಿಸ್ ಇದ್ರೆ ಸೆಟ್ ಕಮಾಂಡಿಗೆ ಎನ್‌ಎಕ್ಸ್ ಮತ್ತೆ ಇಎಕ್ಸ್ 600 (600 ಸೆಕೆಂಡ್ ಆದ್ಮೇಲೆ ಅಳಿಸು ಅಂತ) ಹಾಕಿದ್ರೆ ಇದ್ಯಾ ನೋಡು, ಇಲ್ದಿದ್ರೆ ಬರ್ಕೋ ಅನ್ನೋದು ಒಂದೇ ಏಟಿಗೆ ಆಗತ್ತೆ. ಎರಡು ಕಮಾಂಡಾಗಿ ಒಡೆದ್ರೆ ಮಧ್ಯದ ಸಂದೀಲಿ ಎರಡು ರಿಕ್ವೆಸ್ಟ್ ನುಗ್ಗತ್ತೆ. 600 ಯಾಕೆ, 300 ಸಾಲ್ದಾ ಅಂದ್ರೆ ಸಾಲ್ದು, ಕಳಿಸೋರ ಗಡಿಯಾರ 5 ನಿಮಿಷ ಮುಂದಿದ್ರೆ ಆ ರಿಕ್ವೆಸ್ಟು ನಮ್ಮ ಲೆಕ್ಕದಲ್ಲಿ 10 ನಿಮಿಷ ಜೀವಂತ ಇರತ್ತೆ, ಅಷ್ಟು ಹೊತ್ತು ನಾನ್ಸ್ ನೆನಪಿರ್ಬೇಕು. ಟೈಮ್‌ಔಟ್ ಆಗಿ ಕ್ಲೈಂಟ್ ಮತ್ತೆ ಕಳಿಸುವಾಗ ಹೊಸ ನಾನ್ಸ್, ಹೊಸ ಟೈಮ್ ಹಾಕಿ ಹೊಸದಾಗಿ ಸೈನ್ ಮಾಡ್ಬೇಕು. ಒಂದೇ ಆರ್ಡರ್ ಎರಡು ಸಲ ಆಗ್ದೇ ಇರೋ ಹಂಗೆ ನೋಡ್ಕೊಳ್ಳೋದು ಐಡೆಂಪೊಟೆನ್ಸಿ ಕೀ ಕೆಲಸ, ಅದು ಬೇರೆ, ನಾನ್ಸ್ ಬೇರೆ, ಎರಡನ್ನೂ ಕಲಸ್ಬೇಡಿ.

ಹೋಲಿಸೋದಕ್ಕೆ ಡಬಲ್ ಈಕ್ವಲ್ ಬಳಸ್ಬೇಡಿ. ಮಾಮೂಲಿ ಹೋಲಿಕೆ ಮೊದಲ ತಪ್ಪು ಬೈಟ್ ಸಿಕ್ಕ ತಕ್ಷಣ ನಿಂತೋಗತ್ತೆ, ಅಂದ್ರೆ ಎಷ್ಟು ಬೈಟ್ ಸರಿ ಇತ್ತು ಅನ್ನೋದು ತಗೊಂಡ ಸಮಯದಲ್ಲಿ ಸೋರತ್ತೆ, ತಾಳ್ಮೆ ಇರೋನು ಸಾವಿರಾರು ಸಲ ಅಳೆದು ಒಂದೊಂದೇ ಬೈಟ್ ಕಂಡ್ಹಿಡೀಬಹುದು. ಪೈಥಾನಲ್ಲಿ ಕಂಪೇರ್ ಡೈಜೆಸ್ಟ್, ನೋಡಲ್ಲಿ ಟೈಮಿಂಗ್ ಸೇಫ್ ಈಕ್ವಲ್, ಪಿಹೆಚ್‌ಪಿಲಿ ಹ್ಯಾಶ್ ಈಕ್ವಲ್ಸ್, ಗೋದಲ್ಲಿ ಹೆಚ್‌ಮ್ಯಾಕ್ ಪ್ಯಾಕೇಜಿನ ಈಕ್ವಲ್, ಇವು ಎಲ್ಲಿ ತಪ್ಪಿದ್ರೂ ಕೊನೆತನಕ ಹೋಗ್ತವೆ. ನೋಡಿಂದು ಮಾತ್ರ ಉದ್ದ ಬೇರೆ ಇದ್ರೆ ಎಕ್ಸೆಪ್ಶನ್ ಎಸೆಯತ್ತೆ, ಹಿಡಿದಿಲ್ಲಾಂದ್ರೆ ತಪ್ಪು ಸಿಗ್ನೇಚರಿಗೆ 401 ಬದ್ಲು 500 ಹೋಗತ್ತೆ, ಅದಕ್ಕೆ ಮೊದ್ಲು ಉದ್ದ ನೋಡ್ಕೊಳ್ಳಿ. ಫೇಲಾದ್ರೆ ಹೊರಗೆ ಹೇಳೋದು ಒಂದೇ ಮಾತು, ಅಧಿಕಾರ ಇಲ್ಲ ಅಂತ. ಕೀ ಐಡಿ ತಪ್ಪಾ ಸಿಗ್ನೇಚರ್ ತಪ್ಪಾ ಅನ್ನೋದು ನಿಮ್ಮ ಲಾಗಲ್ಲಿ ಇದ್ರೆ ಸಾಕು.

ಕೀ ಬದಲಾಯಿಸೋದು

ಸೋರಿದ್ಮೇಲೆ ಯೋಚ್ನೆ ಮಾಡೋ ವಿಷಯ ಅಲ್ಲ ಇದು, ಮೊದಲ ದಿನವೇ ಒಬ್ಬ ಕ್ಲೈಂಟಿಗೆ ಎರಡು ಕೀ ಒಟ್ಟಿಗೆ ನಡಿಯೋ ಹಂಗೆ ಟೇಬಲ್ ಇರ್ಲಿ. ಹೊಸ ಕೀ ಕೊಡಿ, ಅವರು ಬದಲಾಯಿಸ್ಕೊಳ್ಳೋ ತನಕ ಎರಡೂ ಪಾಸು, ಹಳೇ ಕೀ ಐಡಿಯಿಂದ ರಿಕ್ವೆಸ್ಟ್ ಬರೋದು ನಿಂತಿದೆ ಅಂತ ಲಾಗಲ್ಲಿ ಕಂಡ್ಮೇಲೆ ಹಳೇದು ತೆಗೀರಿ. ವೆಬ್‌ಹುಕ್ಕಲ್ಲಿ ಕಳಿಸೋರೇ ನೀವಾದ್ರೆ ಆ ಅವಧೀಲಿ ಒಂದೇ ಹೆಡರಲ್ಲಿ ಎರಡು ಸಿಗ್ನೇಚರ್ ಇಟ್ಟು ಕಳಿಸ್ಬಹುದು, ಸ್ಟ್ರೈಪ್ ಹಂಗೇ ಮಾಡತ್ತೆ.

ಒಂದು ಮಿತಿ ಗೊತ್ತಿರ್ಲಿ. ಸೀಕ್ರೆಟ್ ಇಬ್ಬರ ಹತ್ರಾನೂ ಇರೋದ್ರಿಂದ ಯಾರ್ ಬೇಕಾದ್ರೂ ಸೈನ್ ಮಾಡ್ಬಹುದು. ನಾನು ಕಳಿಸೇ ಇಲ್ಲ, ನೀನೇ ಮಾಡ್ಕೊಂಡಿದ್ದು ಅಂತ ಒಬ್ಬರು ಹೇಳಿದ್ರೆ ಮೂರನೆಯವರ ಮುಂದೆ ಹೆಚ್‌ಮ್ಯಾಕ್ ಯಾವ ಸಾಕ್ಷಿನೂ ಅಲ್ಲ. ಆ ತರ ತಕರಾರು ಬರೋ ಜಾಗ ಆದ್ರೆ ಪಬ್ಲಿಕ್ ಕೀ ಬಳಸೋ ಇಡಿ25519 ತರದ್ದು ನೋಡಿ. ಹೊಸದಾಗಿ ಶುರು ಮಾಡೋರು, ತುಂಬ ಜನ ಹೊರಗಿನವರ ಜೊತೆ ಮಾತಾಡ್ಬೇಕಿರೋರು, 2024ರ ಫೆಬ್ರವರಿಲಿ ಬಂದ ಆರ್‌ಎಫ್‌ಸಿ 9421 ಓದಿ, ಹೆಚ್‌ಟಿಟಿಪಿ ಮೆಸೇಜ್ ಸೈನ್ ಮಾಡೋಕೆ ಸ್ಟ್ಯಾಂಡರ್ಡೇ ಇದೆ ಅದ್ರಲ್ಲಿ, ಹೆಚ್‌ಮ್ಯಾಕೂ ಇದೆ ಪಬ್ಲಿಕ್ ಕೀನೂ ಇದೆ. ಎರಡು ಸರ್ವರ್ ಮಧ್ಯದ ಮಾತಿಗೆ ನಂಗಂತೂ ಮೇಲಿನ ಏಳು ಸಾಲೇ ಸಾಕು.

ಆದ್ರೂ ಮ್ಯಾಚ್ ಆಗ್ತಿಲ್ಲ ಅಂದ್ರೆ

ಮೊದ್ಲು ಹೆಚ್‌ಮ್ಯಾಕ್ ಕೋಡು ಒಂದೇ ಸರಿ ಇದ್ಯಾ ನೋಡ್ಕೊಳ್ಳಿ. ಆರ್‌ಎಫ್‌ಸಿ 4231ರಲ್ಲಿ ಟೆಸ್ಟ್‌ಗಳಿವೆ, ಎರಡನೇದು ಸಲೀಸು: ಕೀ ಜೆಫೆ ಅನ್ನೋ ನಾಲ್ಕು ಇಂಗ್ಲಿಷ್ ಅಕ್ಷರ, ಜೆ ಮಾತ್ರ ದೊಡ್ಡದು, ಮೆಸೇಜು ವಾಟ್ ಡು ಯಾ ವಾಂಟ್ ಫಾರ್ ನಥಿಂಗ್ ಅಂತ, ಎಲ್ಲ ಚಿಕ್ಕಕ್ಷರ, ಕೊನೇಲಿ ಪ್ರಶ್ನೆ ಚಿಹ್ನೆ, ಒಟ್ಟು 28 ಬೈಟು. ಶಾ-256ರಲ್ಲಿ ಬರೋ ಹೆಕ್ಸಿನ ಕೊನೆಯ ನಾಲ್ಕು 3843. ಅದು ಬಂದ್ರೆ ಲೈಬ್ರರಿ, ಹೆಕ್ಸ್ ಎರಡೂ ಸರಿ, ಇನ್ನು ಅದನ್ನ ಮುಟ್ಬೇಡಿ.

ಆಮೇಲೆ ಎರಡು ಕಡೆನೂ ಸೈನ್ ಮಾಡೋ ಮುಂಚಿನ ಸ್ಟ್ರಿಂಗನ್ನ, ಸಿಗ್ನೇಚರನ್ನಲ್ಲ, ಹೆಕ್ಸ್ ಡಂಪ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಸಿಗ್ನೇಚರ್ ಎರಡನ್ನ ಎಷ್ಟು ದಿಟ್ಟಿಸಿದ್ರೂ ಏನೂ ಹೇಳಲ್ಲ, ಒಂದು ಬಿಟ್ ಬದಲಾದ್ರೂ ಪೂರ್ತಿ ಬೇರೆ ಕಾಣೋ ಹಂಗೆ ಮಾಡಿರೋದೇ ಅದನ್ನ. ಸ್ಟ್ರಿಂಗ್ ಡಂಪಲ್ಲಿ ಮಾತ್ರ ತಪ್ಪು ಕೂತ ಜಾಗನೇ ಕಾಣತ್ತೆ. ಕೊನೇಲಿ ಜಾಸ್ತಿ ಒಂದು 0ಎ ಇದ್ರೆ ನನ್ನ ಹಳೇ ಸ್ನೇಹಿತ ನ್ಯೂಲೈನು, 0ಡಿ ಇದ್ರೆ ವಿಂಡೋಸಲ್ಲಿ ಸೇವ್ ಮಾಡಿದ ಫೈಲು, ಶುರುವಲ್ಲಿ ಇಎಫ್ ಬಿಬಿ ಬಿಎಫ್ ಇದ್ರೆ ಎಡಿಟರ್ ಫೈಲಿನ ಶುರುವಿಗೆ ಸೇರಿಸಿದ, ಕಣ್ಣಿಗೆ ಕಾಣದ ಬಾಮ್ ಅನ್ನೋ ಗುರುತು. ಪಾತ್ ಸಾಲು ಬೇರೆ ಇದ್ರೆ ಪ್ರಾಕ್ಸಿ ಮುಂದಿನ ಪ್ರಿಫಿಕ್ಸ್ ಕತ್ತರಿಸಿ ಒಳಗೆ ಕಳಿಸ್ತಿದೆ, ಕ್ಲೈಂಟ್ ನೋಡಿದ್ದು ಒಂದು ಪಾತು, ಆ್ಯಪಿಗೆ ಬಂದಿದ್ದು ಇನ್ನೊಂದು. ಎಲ್ಲಾ ಸಾಲೂ ಒಂದೇ ಇದ್ದು ಸಿಗ್ನೇಚರ್ ಮಾತ್ರ ಬೇರೆ ಅಂದ್ರೆ ಉಳಿದಿರೋದು ಸೀಕ್ರೆಟ್ ಒಂದೇ. ಅದನ್ನ ಲಾಗ್ ಮಾಡೋಕೆ ಹೋಗ್ಬೇಡಿ, ಎರಡು ಕಡೆನೂ ಸೀಕ್ರೆಟ್ಟಿನ ಉದ್ದ ಮಾತ್ರ ಪ್ರಿಂಟ್ ಮಾಡಿ. ಒಂದು ಕಡೆ 64 ಇನ್ನೊಂದು ಕಡೆ 65 ಬಂದ್ರೆ ಕಾಪಿ ಪೇಸ್ಟ್ ಮಾಡುವಾಗ ಬಾಲ ಸೇರ್ಕೊಂಡಿದೆ, 64 ಮತ್ತೆ 32 ಬಂದ್ರೆ ಒಬ್ಬರು ಹೆಕ್ಸ್ ಡಿಕೋಡ್ ಮಾಡಿದಾರೆ, ಇನ್ನೊಬ್ಬರು ಮಾಡಿಲ್ಲ.